ಒಗೆಯುವ ಕಲ್ಲಿಗೊಂದು ಸೂರು

ಹಳೆಯ ಕನ್ನಡದ ಮನೆಯಲ್ಲಿ ಹೆಸರುಗಳಿಗೆ ಬಡತನವಿರಲಿಲ್ಲ. ಪಡಸಾಲೆ, ನಡುಮನೆ, ಅಡುಗೆಮನೆ, ದೇವರಮನೆ, ಬಚ್ಚಲುಮನೆ, ಉಗ್ರಾಣ, ಕೊಟ್ಟಿಗೆ, ಹಿತ್ತಲು ಹೀಗೆ ಪ್ರತಿಯೊಂದು ಕೆಲಸಕ್ಕೂ ಒಂದು ಸ್ಥಳವಿತ್ತು, ಪ್ರತಿಯೊಂದು ಸ್ಥಳಕ್ಕೂ ಒಂದು ಹೆಸರಿತ್ತು. ದನಕ್ಕೂ ಸೂರಿತ್ತು, ದವಸಕ್ಕೂ ಸೂರಿತ್ತು. ಮನೆಮಂದಿಯ ಬಟ್ಟೆ ಒಗೆಯುವ ಜಾಗಕ್ಕೆ ಮಾತ್ರ ಸೂರೂ ಇರಲಿಲ್ಲ, ಹೆಸರೂ ಇರಲಿಲ್ಲ. ಇದ್ದದ್ದು ಒಂದು ಕಲ್ಲು. ಅದೂ ಮನೆಯೊಳಗಲ್ಲ, ಬಾವಿಯ ಮಗ್ಗುಲಲ್ಲಿ, ಹಿತ್ತಲ ಬೇಲಿಯ ಬುಡದಲ್ಲಿ ಅಥವಾ ಕೆರೆಯ ದಂಡೆಯಲ್ಲಿ.

ಹೆಸರಿಲ್ಲದ್ದು ಸ್ಥಳಕ್ಕೆ ಮಾತ್ರ. ಕೆಲಸಕ್ಕೆ ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ. ಮೊದಲು ನೆನೆಸುವುದು, ಬಳಿಕ ಕುಸುಬುವುದು, ಕಲ್ಲಿನ ಮೇಲೆ ಸೆಣೆಯುವುದು, ನೀರಿನಲ್ಲಿ ಅಲುಬುವುದು, ಜಾಲಿಸುವುದು, ಹಿಂಡುವುದು, ಕೊಡವುವುದು, ಹರವುವುದು, ಕೊನೆಗೆ ಮಡಿಸುವುದು. ಒಂದು ಸೀರೆ ಇಷ್ಟು ಕ್ರಿಯಾಪದಗಳನ್ನು ದಾಟಿ ಪೆಟ್ಟಿಗೆಯನ್ನು ಸೇರುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಒಗೆ’ ಎಂದರೆ ಎಸೆಯುವುದು ಎಂಬ ಅರ್ಥವೂ ಇದೆ. ತೋಳೆತ್ತಿ ಬಟ್ಟೆಯನ್ನು ಕಲ್ಲಿನ ಮೇಲೆ ಬೀಸಿ ಹಾಕುವ ಶ್ರಮ ಆ ಧಾತುವಿನಲ್ಲಿಯೇ ಕೇಳಿಸುತ್ತದೆ. ಇಷ್ಟು ಕ್ರಿಯಾಪದಗಳುಳ್ಳ ಕೆಲಸಕ್ಕೆ ಒಂದು ನಾಮಪದ ದೊರೆಯಲಿಲ್ಲವೇಕೆ ಎಂಬುದು ಭಾಷೆಯ ಪ್ರಶ್ನೆ ಹೇಗೋ ಹಾಗೆಯೇ ಮನೆ ಕಟ್ಟುವವರ ಪ್ರಶ್ನೆಯೂ ಹೌದು.

ಕೃಷ್ಣಗಿರಿ ಜಿಲ್ಲೆಯ ಜವಳಗಿರಿ ಈ ಪ್ರಶ್ನೆಯನ್ನು ಕೇಳಿಕೊಳ್ಳಲು ತಕ್ಕ ಊರು. ತಳಿ, ದೇಂಕಣಿಕೋಟೆಗಳ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕನ್ನಡದವರು ‘ಒಗೆಯುವ ಕಲ್ಲು’ ಎಂದರೆ ತಮಿಳಿನವರು ‘ತುವೈಕ್ಕುಂ ಕಲ್’ ಎನ್ನುತ್ತಾರೆ, ತೆಲುಗಿನವರು ‘ಚಾಕಲಿ ಬಂಡ’ ಎನ್ನುತ್ತಾರೆ. ಮೂರು ಭಾಷೆಗಳೂ ಕಲ್ಲಿನ ಬಳಿಗೆ ಬಂದು ನಿಂತಿವೆ. ಕೋಣೆಯವರೆಗೆ ಯಾವುದೂ ಬಂದಿಲ್ಲ. ಮರಾಠಿಯಲ್ಲಿ ಮಾತ್ರ ಸ್ವಲ್ಪ ಬೇರೆಯ ಕಥೆಯಿದೆ. ಅಲ್ಲಿ ‘ಮೋರಿ’ ಎಂದರೆ ಮನೆಯ ಒಂದು ಮೂಲೆಯಲ್ಲಿ ತಗ್ಗು ಕಟ್ಟೆ ಕಟ್ಟಿ, ನೀರು ಹೊರಹೋಗಲು ದಾರಿ ಮಾಡಿರುವ ಜಾಗ. ಪಾತ್ರೆ ತೊಳೆಯುವುದಕ್ಕೂ ಬಟ್ಟೆ ಒಗೆಯುವುದಕ್ಕೂ ಅದೇ. ಅದೇ ಪದ ಕನ್ನಡದಲ್ಲಿ ಬೀದಿಯ ಚರಂಡಿಯಾಗಿದೆ. ಒಂದು ಭಾಷೆಯಲ್ಲಿ ಮನೆಯೊಳಗಿರುವ ಮೋರಿ ಇನ್ನೊಂದರಲ್ಲಿ ಬಾಗಿಲಾಚೆ ಹರಿಯುತ್ತಿದೆ.

ಒಗೆತ ಮನೆಯಿಂದ ಹೊರಗುಳಿದದ್ದಕ್ಕೆ ಕಾರಣ ವಾಸ್ತುವಿನಲ್ಲಿಲ್ಲ, ಸಮಾಜದಲ್ಲಿದೆ. ಮಡಿ ಒಳಗಿರಬೇಕು, ಮೈಲಿಗೆ ಹೊರಗಿರಬೇಕು ಎಂಬ ನಂಬಿಕೆಯಲ್ಲಿ ಕೊಳೆಯಾದ ಬಟ್ಟೆಯ ಗಂಟು ಹೊರಗೆ ಹೋಗುತ್ತಿತ್ತು. ಅದನ್ನು ಹೊರುವ ಹೊಣೆ ಕನ್ನಡದಲ್ಲಿ ಮಡಿವಾಳರ, ತಮಿಳಿನಲ್ಲಿ ವಣ್ಣಾರರ, ತೆಲುಗಿನಲ್ಲಿ ಚಾಕಲಿಯವರ, ಮರಾಠಿಯಲ್ಲಿ ಪರೀಟರ ತಲೆಯ ಮೇಲಿತ್ತು. ಮಡಿಯನ್ನು ಕೊಡುವವರೇ ಮಡಿಯ ಹೊಸ್ತಿಲು ದಾಟಲಾಗದ ವಿಪರ್ಯಾಸವದು. 12ನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಒಗೆಯುವ ಕೆಲಸವನ್ನು ಕಾಯಕವೆಂದು ಎತ್ತಿ ಹಿಡಿದರು. 1876ರಲ್ಲಿ ಪರೀಟ ಮನೆತನದಲ್ಲಿ ಹುಟ್ಟಿದ ಗಾಡಗೆ ಬಾಬಾ ಪೊರಕೆ ಹಿಡಿದು ಮಹಾರಾಷ್ಟ್ರದ ಊರೂರುಗಳನ್ನು ಗುಡಿಸಿದರು. ಇಬ್ಬರಿಗೂ ಕೈ ಮುಗಿಯುವ ಸಮಾಜ ಅವರ ಕೆಲಸಕ್ಕೆ ಮನೆಯೊಳಗೆ ಆರಡಿ ಜಾಗ ಕೊಡಲಿಲ್ಲ. ಮಡಿವಾಳರಿಗೆ ಬಟ್ಟೆ ಕೊಡುವಷ್ಟು ಸ್ಥಿತಿವಂತರಲ್ಲದ ಮನೆಗಳಲ್ಲಿ ಆ ಗಂಟು ಮನೆಯ ಹೆಂಗಸಿನ ತಲೆಗೆ ಬಂತು. ಜಾಗ ಮಾತ್ರ ಹಿತ್ತಲಿನದೇ ಉಳಿಯಿತು.

ಈಗ ಜವಳಗಿರಿಯ ಸುತ್ತಮುತ್ತ ಹಂಚಿನ ಮನೆಗಳು ತಾರಸಿಯ ಮನೆಗಳಾಗುತ್ತಿವೆ. ಹೊಸೂರಿನ ಕಾರ್ಖಾನೆಗಳ ಸಂಬಳ, ಹಸಿರುಮನೆಯಲ್ಲಿ ಬೆಳೆದ ಗುಲಾಬಿಯ ದುಡ್ಡು, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳ ಉಳಿತಾಯ ಇವೆಲ್ಲ ಸೇರಿ ಗೋಡೆ ಏಳುತ್ತದೆ. ಮುಂಭಾಗಕ್ಕೆ ನುಣುಪಾದ ಗ್ರಾನೈಟು, ಗೇಟಿಗೆ ಉಕ್ಕಿನ ಹೂಬಳ್ಳಿ, ದೇವರಮನೆಗೆ ಕೆತ್ತನೆಯ ಬಾಗಿಲು. ಕೆಲವು ತಿಂಗಳ ಬಳಿಕ, ಹಬ್ಬದ ರಿಯಾಯಿತಿಯಲ್ಲಿ, ಹೊಸೂರಿನಿಂದ ಬಟ್ಟೆ ಒಗೆಯುವ ಯಂತ್ರ ಬರುತ್ತದೆ. ಅದನ್ನು ಎಲ್ಲಿ ಇಡಬೇಕೆಂಬ ಯೋಚನೆ ಬರುವುದು ಅದು ಬಾಗಿಲಿಗೆ ಬಂದ ಮೇಲೆ.

ಮುಂದೆ ನಡೆಯುವುದು ಇಂತಹ ಬಹಳಷ್ಟು ಮನೆಗಳಲ್ಲಿ ಒಂದೇ ರೀತಿ. ಬಚ್ಚಲಲ್ಲಿಟ್ಟರೆ ಸ್ನಾನದ ನೀರು ಸಿಡಿದು ತಳಕ್ಕೆ ತುಕ್ಕು ಹಿಡಿಯುತ್ತದೆ. ಹಿಂಬದಿಯ ಜಗಲಿಯಲ್ಲಿಟ್ಟರೆ ಬಿಸಿಲು ಮಳೆಗೆ ಮೈಯೊಡ್ಡುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ಒಳಭಾಗದಲ್ಲಿ ಸುಣ್ಣ ಕಟ್ಟುತ್ತದೆ. ಕೊಳೆನೀರಿನ ಕೊಳವೆ ಅಂಗಳದಲ್ಲಿ ಹಾವಿನಂತೆ ಹರಿದಾಡುತ್ತದೆ. ವರ್ಷ ಕಳೆಯುವುದರೊಳಗೆ ಯಂತ್ರದ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಹಳೆಯ ಪತ್ರಿಕೆ. ಸೊಸೆ ಮತ್ತೆ ಹಿತ್ತಲ ಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾಳೆ. ‘ಕೈಯಲ್ಲಿ ಒಗೆದಂತೆ ಮಿಷನ್ನಿನಲ್ಲಿ ಆಗುವುದಿಲ್ಲ’ ಎಂದು ಅತ್ತೆ ತೀರ್ಪು ಕೊಡುತ್ತಾಳೆ. ತೀರ್ಪು ತಪ್ಪಲ್ಲ, ಆದರೆ ತಪ್ಪಿತಸ್ಥ ಯಂತ್ರವಲ್ಲ. ಇಲ್ಲಿ ಕೊಂಡದ್ದು ವಸ್ತುವನ್ನು, ಕಟ್ಟಬೇಕಾಗಿದ್ದದ್ದು ಸ್ಥಳವನ್ನು. ಖರ್ಚಿನ ಕ್ರಮವನ್ನು ತಿರುಗುಮುರುಗು ಮಾಡಿ ಮೊದಲು ನೀರು, ನೆಲ, ಎತ್ತರ, ಬೆಳಕುಗಳನ್ನು ನೋಡಿ, ಯಂತ್ರವನ್ನು ಕೊನೆಗೆ ನೋಡುವುದೇ ನಿಜವಾದ ಸುಧಾರಣೆ.

ಮೊದಲನೆಯದು ನೀರು. ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬ ಕಾರಣಕ್ಕೆ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ರೂಪುಗೊಂಡು 2013ರಲ್ಲಿ ಚಾಲನೆಗೆ ಬಂತು. ಅದು ಕುಡಿಯುವ ನೀರು. ಒಗೆಯುವುದಕ್ಕೆ ಕೊಳವೆಬಾವಿಯೇ ಗತಿಯಾದಲ್ಲಿ ಫ್ಲೋರೈಡಿಗಿಂತ ಕಾಟ ಕೊಡುವುದು ಗಡಸುತನ, ಎಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಆ ಕೊನೆಯ ಮಿತಿಯ ನೀರನ್ನು ನೂರು ಲೀಟರ್ ಬಳಸಿದರೆ ಅದರಲ್ಲಿ 60 ಗ್ರಾಂ ಸುಣ್ಣದ ಅಂಶವಿರುತ್ತದೆ. ಸಾಬೂನು ನೊರೆಯಾಗುವ ಮೊದಲು ಆ ಸುಣ್ಣದೊಡನೆ ಸೇರಿ ಬಿಳಿಯ ಗಸಿಯಾಗಿ ನೂಲಿಗೆ ಅಂಟುತ್ತದೆ. ಬಿಳಿ ಅಂಗಿ ಬೂದಿಬಣ್ಣಕ್ಕೆ ತಿರುಗುವುದು, ಪಂಚೆ ಬಿರುಸಾಗುವುದು, ನೀರು ಕಾಯಿಸುವ ಸುರುಳಿಯ ಮೇಲೆ ಹಕ್ಕಳೆ ಕಟ್ಟುವುದು ಎಲ್ಲವೂ ಇದರಿಂದಲೇ. ಸಾಬೂನಿನ ಪುಡಿಯನ್ನು ಎರಡರಷ್ಟು ಸುರಿದರೆ ದೋಷ ಹೋಗುವುದಿಲ್ಲ. ಖರ್ಚೂ ನೊರೆಯೂ ಹೆಚ್ಚಾಗುತ್ತವೆ.

ಪರಿಹಾರ ತಲೆಯ ಮೇಲೆಯೇ ಇದೆ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರಿನ ಸಂಗ್ರಹವನ್ನು ಕಡ್ಡಾಯ ಮಾಡಿತು. ಮಳೆನೀರು ಮೃದುವಾದ ನೀರು. ಸ್ವಲ್ಪ ಸಾಬೂನಿಗೇ ನೊರೆ ಬರುತ್ತದೆ. ತಾರಸಿಯ ನೀರನ್ನು ನೇರವಾಗಿ ಇಂಗುಗುಂಡಿಗೆ ಬಿಡುವ ಬದಲು ಶೋಧಿಸಿ ಒಂದು ತೊಟ್ಟಿಯಲ್ಲಿ ಹಿಡಿದು, ಮಿಕ್ಕದ್ದನ್ನು ಇಂಗಿಸಿದರೆ ಕಾನೂನಿನ ಉದ್ದೇಶವೂ ನೆರವೇರುತ್ತದೆ, ಮಳೆಗಾಲದ ಕೆಲವು ತಿಂಗಳ ಒಗೆತಕ್ಕೂ ಆಗುತ್ತದೆ. ಬೇಸಿಗೆಯಲ್ಲಿ ಗಡಸು ನೀರನ್ನೇ ಬಳಸುವ ಅನಿವಾರ್ಯವಿದ್ದರೆ ಯಂತ್ರವನ್ನು ಆಗಾಗ ಸಿಟ್ರಿಕ್ ಆಮ್ಲ ಬೆರೆಸಿದ ಬಿಸಿನೀರಿನಿಂದ ಬರಿದೇ ಓಡಿಸಿದರೆ ಕಟ್ಟಿದ ಸುಣ್ಣ ಕರಗುತ್ತದೆ.

ನೀರಿನ ಒತ್ತಡವನ್ನೂ ಎಣಿಸಬೇಕು. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯ ತಾರಸಿಯ ಮೇಲೆ ನೆಲಕ್ಕೇ ಕೂರಿಸಿದ ತೊಟ್ಟಿಯಿಂದ ಕೆಳಗಿನ ಯಂತ್ರದ ಬಾಯಿಗೆ ಇರುವುದು ಎರಡು ಮೀಟರಿನಷ್ಟು ಎತ್ತರ, ಒತ್ತಡ 0.2 ಬಾರ್ ಮಾತ್ರ. ಮುಂದಿನಿಂದ ಬಾಗಿಲು ತೆರೆಯುವ ಹಲವು ಯಂತ್ರಗಳಿಗೆ ಅಷ್ಟು ಸಾಲದು. ತೊಟ್ಟಿಯನ್ನು ನಾಲ್ಕೈದು ಅಡಿಯ ಕಟ್ಟೆಯ ಮೇಲೆ ಏರಿಸುವುದು ಗಾರೆಯವರಿಗೆ ಎರಡು ದಿನದ ಕೆಲಸ. ಮನೆ ಕಟ್ಟುವಾಗಲೇ ಹೇಳಿದರೆ ಪ್ರತ್ಯೇಕ ಕೆಲಸವೂ ಅಲ್ಲ.

ಎರಡನೆಯದು ನೆಲ. ಇಲ್ಲೊಂದು ಜಗಳವಿದೆ. ಹರಿಯುವ ನೀರಿಗೆ ಇಳಿಜಾರು ಬೇಕು. ತಿರುಗುವ ಯಂತ್ರಕ್ಕೆ ಸಮತಲ ಬೇಕು. ಇಳಿಜಾರಿನಲ್ಲಿ ನಿಂತ ಯಂತ್ರ ಬಟ್ಟೆ ಹಿಂಡುವಾಗ ಗಡಗಡನೆ ನಡುಗಿ ಇದ್ದಲ್ಲಿಂದ ಸರಿಯುತ್ತದೆ. ಆದುದರಿಂದ ಆರಡಿಗೆ ಎಂಟಡಿಯ ಜಾಗವಾದರೆ ಒಂದು ಬದಿಗೆ ಅರ್ಧ ಅಡಿ ಎತ್ತರದ ಗಟ್ಟಿಯಾದ ಸಮತಲದ ಕಟ್ಟೆ, ಉಳಿದ ಭಾಗಕ್ಕೆ ಹತ್ತು ಅಡಿಗೆ ಒಂದೂವರೆಯಿಂದ ಎರಡು ಅಂಗುಲದ ಲೆಕ್ಕದಲ್ಲಿ ಇಳಿಜಾರು. ನೆಲಕ್ಕೆ ನುಣುಪು ಕಲ್ಲು ಬೇಡ. ಗ್ರಾನೈಟಿಗೆ ಹೆಸರಾದ ಜಿಲ್ಲೆಯಲ್ಲಿ ಒರಟು ಮೈಯ ಚಪ್ಪಡಿಗೆ ಬರವಿಲ್ಲ. ಸಾಬೂನು ನೀರಿನಲ್ಲಿ ಕಾಲು ಜಾರದಂತೆ ಕಾಯುವುದು ಆ ಒರಟುತನವೇ. ಹೊರಹೋಗುವ ನೀರಿಗೂ ಗುರಿಯಿರಲಿ. ಸಾಬೂನು ದಟ್ಟವಾಗಿರುವ ಮೊದಲ ನೀರು ಚರಂಡಿಗೆ. ಕೊನೆಯ ಜಾಲಿಸುವಿಕೆಯ ತಿಳಿನೀರು ಶೌಚಕ್ಕೆ ಅಥವಾ ಬಾಳೆಯ ಬುಡಕ್ಕೆ.

ಮೂರನೆಯದು ಎತ್ತರ. ಯಂತ್ರ ಬಂದರೂ ಕಲ್ಲು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕಾರ್ಖಾನೆಯ ಸಮವಸ್ತ್ರದ ಎಣ್ಣೆಯ ಕಲೆ, ಹೊಲದ ಕೆಮ್ಮಣ್ಣು, ಶಾಲೆಯ ಅಂಗಿಯ ಕೊರಳಪಟ್ಟಿ ಇವು ಕೈಯನ್ನು ಬೇಡುತ್ತವೆ. ಆದರೆ ಕಲ್ಲು ನೆಲದಲ್ಲಿರಬೇಕೆಂಬ ಶಾಸ್ತ್ರವೇನಿಲ್ಲ. ಹದಿನೈದು ಲೀಟರಿನ ಹತ್ತು ಬಕೆಟ್ ನೀರನ್ನು ಹೊತ್ತು ತಂದರೆ ಎತ್ತಿದ ಭಾರ 150 ಕಿಲೋ. ಆ ಭಾರವನ್ನು ಬಗ್ಗಿ ಎತ್ತಿ, ಮತ್ತೆ ಕುಕ್ಕುರುಗಾಲಿನಲ್ಲಿ ಕುಳಿತು ಒಗೆಯುವ ಸೊಂಟ ಐವತ್ತರ ಹೊತ್ತಿಗೆ ಏನಾಗುತ್ತದೆಂಬುದನ್ನು ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ತೊಟ್ಟಿಯೊಂದಿಗೆ ಎರಕ ಹೊಯ್ದ ಸಿಮೆಂಟಿನ ಒಗೆಯುವ ಕಲ್ಲುಗಳು ರಸ್ತೆಯ ಬದಿಯಲ್ಲಿಯೇ ಮಾರಾಟಕ್ಕಿವೆ. ಅದನ್ನು ಒಗೆಯುವವರ ಸೊಂಟದ ಮಟ್ಟಕ್ಕೆ ಕೂರಿಸಿ, ಮೇಲೊಂದು ನಲ್ಲಿ ಕೊಟ್ಟರೆ ಬಕೆಟ್ಟೂ ಬೇಡ, ಬಗ್ಗುವುದೂ ಬೇಡ. ಅಳತೆಯನ್ನು ಮೇಸ್ತ್ರಿಯ ಎತ್ತರಕ್ಕೆ ತೆಗೆದುಕೊಳ್ಳದೆ ಒಗೆಯುವವರನ್ನು ನಿಲ್ಲಿಸಿ ತೆಗೆದುಕೊಳ್ಳಬೇಕು, ಅಷ್ಟೇ.

ನಾಲ್ಕನೆಯದು ಬೆಳಕು ಮತ್ತು ಸೂರು. ಇದು ಜವಳಗಿರಿಗೆ ವಿಶೇಷವಾಗಿ ಸಲ್ಲುವ ಮಾತು. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಜವಳಗಿರಿಯ ಕಾಡಿಗೆ ವರ್ಷವರ್ಷವೂ ಬರುತ್ತವೆ. ರಾಗಿ ತೆನೆಗಟ್ಟಿ ಕೊಯ್ಲಾಗುವ ತಿಂಗಳುಗಳೇ ಅವು ಬರುವ ತಿಂಗಳುಗಳು. ಆ ದಿನಗಳಲ್ಲಿ ಕತ್ತಲಿರುವಾಗ ಹೊಲದ ಕಡೆ ಸುಳಿಯಬಾರದೆಂಬ ಎಚ್ಚರಿಕೆ ಊರವರಿಗೆ ಹೊಸದಲ್ಲ. ಆದರೆ ಕಾರ್ಖಾನೆಯ ಬಸ್ಸಿಗೆ ನಸುಕಿನಲ್ಲೇ ಹೊರಡುವವರಿರುವ ಮನೆಯಲ್ಲಿ ಒಗೆತ ನಡೆಯುವುದು ಕತ್ತಲಲ್ಲೇ, ಹಿತ್ತಲ ಕೊನೆಯಲ್ಲೇ. ಬೇಲಿಯಂಚಿನ ಕಲ್ಲನ್ನು ಹಿಂಬಾಗಿಲಿಗೆ ತಾಗಿದ, ದೀಪವಿರುವ ಜಾಗಕ್ಕೆ ತರುವುದು ಇಲ್ಲಿ ಅನುಕೂಲದ ಮಾತಲ್ಲ, ಜೀವದ ಮಾತು. ಅದೇ ತಿಂಗಳುಗಳಲ್ಲಿ ಹಿಂಗಾರಿನ ಮಳೆಯೂ ಮಂಜೂ ಸೇರಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಮುಗ್ಗಲು ವಾಸನೆಯ ಸಮವಸ್ತ್ರ ತೊಟ್ಟು ಮಕ್ಕಳು ಶಾಲೆಗೆ ಹೋಗುತ್ತಾರೆ. ಗುಲಾಬಿಯ ಗಿಡಕ್ಕೆ ಬೆಳಕು ಬಿಡುವ, ಮಳೆ ತಡೆಯುವ ಹಾಳೆಯ ಸೂರನ್ನು ಈ ಸೀಮೆಯ ರೈತರು ಚೆನ್ನಾಗಿ ಬಲ್ಲರು. ಅದೇ ವಿದ್ಯೆಯನ್ನು ಬಟ್ಟೆಯ ತಂತಿಯ ಮೇಲೂ ಹಾಸಬಹುದು. ಎರಡು ಬದಿ ಗಾಳಿಗೆ ತೆರೆದಿದ್ದರೆ ಸಾಕು.

ಇಷ್ಟಾದ ಮೇಲೆ ಯಂತ್ರ. ನೀರು ಕಾಯಿಸುವ ಯಂತ್ರವು 2000 ವಾಟಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ; 230 ವೋಲ್ಟಿನಲ್ಲಿ ಅದು 9 ಆಂಪಿಯರಿಗೆ ಸಮೀಪ. ದೀಪದ 6 ಆಂಪಿಯರ್ ಸಾಕೆಟ್ಟಿನಿಂದ ವೈರು ಎಳೆದು ಒದ್ದೆ ನೆಲದ ಮೇಲೆ ಹಾಯಿಸುವುದು ಅಪಾಯ. 16 ಆಂಪಿಯರಿನ ಪ್ರತ್ಯೇಕ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿದರೂ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಈ ಮೂರೂ ಯಂತ್ರಕ್ಕಿಂತ ಮುಂಚೆ ಬರಬೇಕು.

ಇಷ್ಟೆಲ್ಲ ಖರ್ಚು ಯಾರಿಗಾಗಿ ಎಂದು ಕೇಳುವವರಿದ್ದಾರೆ. ಉತ್ತರ ಅಂಕಿಗಳಲ್ಲಿದೆ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ದಿನವೊಂದರಲ್ಲಿ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹಾಗೆ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ. ಗಂಡಸರು 97 ನಿಮಿಷ. 2023ರ ಸೆಪ್ಟೆಂಬರಿನಿಂದ ತಮಿಳುನಾಡು ಸರ್ಕಾರ ಅರ್ಹ ಕುಟುಂಬಗಳ ಗೃಹಿಣಿಯರಿಗೆ ತಿಂಗಳಿಗೆ 1000 ರೂಪಾಯಿ ಕೊಡುತ್ತಿದೆ. ಆ ಯೋಜನೆಯ ಹೆಸರಿನಲ್ಲಿ ‘ಉರಿಮೈ’, ಎಂದರೆ ಹಕ್ಕು, ಎಂಬ ಪದವಿದೆ. ಮನೆಗೆಲಸವೂ ದುಡಿಮೆಯೆಂದು ಸರ್ಕಾರದ ಕಡತ ಒಪ್ಪಿದ ಮೇಲೂ ಮನೆಯ ನಕ್ಷೆ ಒಪ್ಪದಿರುವುದು ಸೋಜಿಗ.

ಈ ಲೆಕ್ಕ ತರಗತಿಯವರೆಗೂ ಬರುತ್ತದೆ. ಭಾನುವಾರವೆಂದರೆ ಗಂಡುಮಕ್ಕಳಿಗೆ ಕ್ರಿಕೆಟ್ಟು, ಹೆಣ್ಣುಮಕ್ಕಳಿಗೆ ವಾರದ ಬಟ್ಟೆಯ ರಾಶಿ. ಸೋಮವಾರದ ಪಾಠಕ್ಕೆ ಓದದೆ ಬಂದ ವಿದ್ಯಾರ್ಥಿನಿಯನ್ನು ಸೋಮಾರಿ ಎನ್ನುವ ಮುನ್ನ ಅವಳ ಬೆರಳ ತುದಿಗಳನ್ನು ನೋಡಬೇಕು. ಸಾಬೂನಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳು ಪುಸ್ತಕದ ಹಾಳೆ ತಿರುವುವಷ್ಟು ಬಿಡುವು ಕಂಡಿರುವುದಿಲ್ಲ. ಸ್ವೀಡನ್ನಿನ ವೈದ್ಯ, ಅಂಕಿಅಂಶ ತಜ್ಞ ಹಾನ್ಸ್ ರೋಸ್ಲಿಂಗ್ 2010ರ ಒಂದು ಉಪನ್ಯಾಸದಲ್ಲಿ ತಮ್ಮ ಮನೆಗೆ ಒಗೆಯುವ ಯಂತ್ರ ಬಂದ ದಿನವನ್ನು ನೆನೆದಿದ್ದರು. ಯಂತ್ರಕ್ಕೆ ಬಟ್ಟೆ ತುಂಬಿದ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದರಂತೆ. ಇದಕ್ಕೆ ಪ್ರತಿಯಾಗಿ ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ ಬೇರೆಯ ಎಚ್ಚರ ಕೊಟ್ಟರು: ಯಂತ್ರ ಬಂದಾಗ ನೆರವಿನ ಕೈಗಳು ಹಿಂದೆ ಸರಿದವು, ಶುಚಿತ್ವದ ಅಪೇಕ್ಷೆ ಏರಿತು, ಉಳಿದ ಕೆಲಸವೆಲ್ಲ ಒಬ್ಬಳ ಪಾಲಾಯಿತು. ಎರಡೂ ನಿಜವಾಗಬಲ್ಲವು. ಯಾವುದು ನಿಜವಾಗಬೇಕೆಂಬುದನ್ನು ನಿರ್ಧರಿಸುವುದು ಯಂತ್ರವಲ್ಲ, ಆ ಮನೆಯ ನಡವಳಿಕೆ.

ಅದರಲ್ಲಿಯೂ ಜಾಗದ ಪಾತ್ರವಿದೆ. ಹಿತ್ತಲ ಮೂಲೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ಕೆಲಸಕ್ಕೆ ಕೈ ಜೋಡಿಸುವವರಿರುವುದಿಲ್ಲ. ಮನೆಯ ಓಡಾಟದ ದಾರಿಯಲ್ಲಿ, ನಿಂತೇ ಕೆಲಸ ಮಾಡಬಹುದಾದ ಎತ್ತರದಲ್ಲಿ, ಬೆಳಕಿರುವಲ್ಲಿ ಆ ಜಾಗವಿದ್ದರೆ ಮಗನೂ ತನ್ನ ಅಂಗಿಯನ್ನು ತಾನೇ ಜಾಲಿಸಿ ಹಾಕಬಹುದು. ಬಾರದೆಂಬ ನೆಪ ಉಳಿಯುವುದಿಲ್ಲ. ಖರ್ಚಿನ ಆಕ್ಷೇಪಕ್ಕೂ ಉತ್ತರವಿದೆ. ನೀರಿನ ತೊಟ್ಟಿ ಏರಿಸುವುದು, ಕಲ್ಲನ್ನು ಸೊಂಟದ ಮಟ್ಟಕ್ಕೆ ತರುವುದು, ಒಂದು ನಲ್ಲಿ, ಒಂದು ದೀಪ, ಒಂದು ಹಾಳೆಯ ಮಾಡು ಇಷ್ಟಕ್ಕೆ ಯಂತ್ರದ ಅಗತ್ಯವೇ ಇಲ್ಲ. ಯಂತ್ರ ಕೊಳ್ಳಲಾರದ ಮನೆಯೂ ಇದನ್ನು ಒಂದೊಂದಾಗಿ ಮಾಡಿಕೊಳ್ಳಬಹುದು. ಯಂತ್ರ ಕೊಂಡೂ ಇದನ್ನು ಮಾಡದ ಮನೆಗಿಂತ ಅಲ್ಲಿ ಸುಖವಿರುತ್ತದೆ.

ಕೊನೆಗೆ ಹೆಸರು. ಹೊಸೂರಿನಲ್ಲಿ ಬರೆಸಿ ತಂದ ನಕ್ಷೆಗಳಲ್ಲಿ ಅಡುಗೆಮನೆಯ ಹಿಂದಿನ ಸಣ್ಣ ಚೌಕಕ್ಕೆ ‘ಯುಟಿಲಿಟಿ’ ಎಂದು ಬರೆದಿರುವುದುಂಟು. ಆ ಪದದ ಅರ್ಥ ‘ಉಪಯೋಗ’. ಉಳಿದ ಕೋಣೆಗಳಿಗೆ ಉಪಯೋಗವಿಲ್ಲವೇನೋ ಎಂಬಂತೆ. ಖಾಲಿ ಸಿಲಿಂಡರು, ಪೊರಕೆ, ಮುರಿದ ಕುರ್ಚಿ ಅಲ್ಲಿಗೆ ಸೇರಲು ಆ ಮಸುಕಾದ ಹೆಸರೂ ಒಂದು ಕಾರಣ. ಕನ್ನಡದಲ್ಲಿ ಕುಡಿಯುವ ನೀರು ‘ಕುಡಿನೀರು’, ಬೀಸುವ ಕಲ್ಲು ‘ಬೀಸುಕಲ್ಲು’, ಕಡೆಯುವ ಕೋಲು ‘ಕಡೆಗೋಲು’ ಆಗಿರುವಾಗ ಒಗೆಯುವ ಮನೆ ‘ಒಗೆಮನೆ’ ಆಗಲು ಅಡ್ಡಿಯಿಲ್ಲ. ತಮಿಳುನಾಡಿನ ನೆಲದಲ್ಲಿ ಕನ್ನಡ ಓದುವ ಮಕ್ಕಳು ಆ ಪದವನ್ನು ತಮ್ಮ ಮನೆಯ ನಕ್ಷೆಯ ಮೇಲೆ ಬರೆಯಬಹುದು. ಹೆಸರು ಬಿದ್ದ ಕೋಣೆಗೆ ಮೇಸ್ತ್ರಿ ಅಳತೆ ಕೇಳುತ್ತಾನೆ. ಎಲೆಕ್ಟ್ರಿಷಿಯನ್ನು ಸಾಕೆಟ್ ಎಲ್ಲಿ ಎಂದು ಕೇಳುತ್ತಾನೆ. ನಲ್ಲಿಯವನು ನೀರು ಎತ್ತ ಹೋಗಬೇಕೆಂದು ಕೇಳುತ್ತಾನೆ.

ಆ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಯಾರೆಂಬುದಷ್ಟೇ ಉಳಿಯುತ್ತದೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಮನೆಯ ಯಜಮಾನ, ಅವನ ತಮ್ಮ, ಗುತ್ತಿಗೆದಾರ ಕುಳಿತಿರುತ್ತಾರೆ. ಒಗೆಯುವವಳು ಕಾಫಿ ತಂದಿಟ್ಟು ಒಳಗೆ ಹೋಗುತ್ತಾಳೆ. ಜವಳಗಿರಿಯಲ್ಲಿ ಮುಂದೆ ಏಳುವ ಮನೆಗಳಲ್ಲಿ ಅವಳಿಗೂ ಒಂದು ಕುರ್ಚಿ ಹಾಕಲಿ, ಪೆನ್ಸಿಲ್ಲು ಅವಳ ಕೈಯಲ್ಲಿರಲಿ.